ಮೃತ ತಂತಿಯ ವಾರಸುದಾರಳು

ವಿದ್ಯುತ್ತು ಅಪಾಯಕಾರಿ ವಸ್ತುವಾದ್ದರಿಂದ, ಅದನ್ನು ಮುಟ್ಟುವವರಿಗೆ ಕೆಲಸವೊಂದಕ್ಕೆ ಎಂಟುನೂರು, ಮುಟ್ಟದೆ ಸಹಿ ಹಾಕುವವರಿಗೆ ಎರಡು ಸಾವಿರ ಸಲ್ಲತಕ್ಕದ್ದೆಂದು ನಮ್ಮ ಊರಿನ ವಿದ್ಯುತ್ ಪರವಾನಗಿ ಕಚೇರಿಯು ನಿಗದಿಪಡಿಸಿ ಬಹಳ ವರ್ಷಗಳಾಗಿವೆ. ದರಪಟ್ಟಿಯನ್ನು ಕಚೇರಿಯ ಬಾಗಿಲ ಎಡಕ್ಕೆ, ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ, ಯಾರಿಗೂ ಓದಲಾಗದಷ್ಟು ಸಣ್ಣ ಅಕ್ಷರಗಳಲ್ಲಿ ಅಂಟಿಸಲಾಗಿದೆ. ಇದರ ಹಿಂದಿನ ತರ್ಕ ಸರಳವಾದದ್ದು. ಮುಟ್ಟುವವರು ಬಹಳ ಜನ, ಸಹಿ ಹಾಕುವವರು ಕಡಿಮೆ. ಮುಟ್ಟುವವರೂ ಆಗಾಗ ಒಬ್ಬಿಬ್ಬರು ಕಡಿಮೆಯಾಗುವುದುಂಟು, ಆದರೆ ಅವರ ಜಾಗಕ್ಕೆ ಬೇರೆಯವರು ಬೇಗ ಸಿಗುತ್ತಾರೆ.

ಈ ದರಪಟ್ಟಿಯ ಎರಡು ಸಾಲುಗಳೂ ಒಂದೇ ಮನೆಯಲ್ಲಿ ವಾಸವಾಗಿದ್ದವು.

ಮೊದಲನೆಯ ಸಾಲಿನವಳು ಟೆಸ್ಟರಕ್ಕ. ವಯಸ್ಸು ನಲವತ್ತೊಂದು. ತಂತಿಯಲ್ಲಿ ಕರೆಂಟಿದ್ದರೆ ಹೊಟ್ಟೆಯೊಳಗೆ ಕೆಂಪಗೆ ಮಿಣುಕುವ ಆ ಸಣ್ಣ ಸ್ಕ್ರೂಡ್ರೈವರನ್ನು ತುರುಬಿಗೆ ಸಿಕ್ಕಿಸಿಕೊಂಡೇ ಓಡಾಡುವುದರಿಂದ ಆ ಹೆಸರು ಬಂದಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಊರಿನ ಅರ್ಧದಷ್ಟು ಮನೆಗಳಿಗೆ ಅವಳೇ ವೈರಿಂಗ್ ಮಾಡಿದ್ದಳು. ಆ ಮನೆಗಳ ಕಾಗದಪತ್ರಗಳಲ್ಲಿ ಅವಳ ಹೆಸರು ಎಲ್ಲಿಯೂ ಇರಲಿಲ್ಲ.

ಎರಡನೆಯ ಸಾಲಿನವರು ಅವಳ ಸೋದರಮಾವ. ಊರೆಲ್ಲ ಅವರನ್ನು ಸಹಿಮಾವ ಎನ್ನುತ್ತಿತ್ತು. ನಲವತ್ತೈದು ವರ್ಷಗಳ ಹಿಂದೆ ಪರೀಕ್ಷೆ ಪಾಸು ಮಾಡಿ ಪರವಾನಗಿ ಪಡೆದವರು, ಕೆಲಸದ ಮೊದಲನೆಯ ದಿನವೇ ಒಂದು ಸಾಕೆಟ್ಟಿಗೆ ಬೆರಳು ತಾಗಿಸಿ, ಎರಡು ಮಾರು ಹಿಂದಕ್ಕೆ ಹಾರಿ ಕುಳಿತು, ಅಲ್ಲಿಯೇ ಕೈಗಾರಿಕೆಯ ಭವಿಷ್ಯದ ಬಗ್ಗೆ ಯೋಚಿಸಿದ್ದರು. ಅಂದಿನಿಂದ ಅವರು ತಂತಿ ಮುಟ್ಟಲಿಲ್ಲ. ಮನೆಯ ಸ್ವಿಚ್ಚುಗಳನ್ನು ರಬ್ಬರು ತುದಿಯ ಊರುಗೋಲಿನಿಂದ ದೂರ ನಿಂತು ಒತ್ತುತ್ತಿದ್ದರು. ಸಹಿಗೂ ಪ್ಲಾಸ್ಟಿಕ್ ಪೆನ್ನೇ ಆಗಬೇಕಾಗಿತ್ತು.

ಆರು ವರ್ಷಗಳ ಹಿಂದೆ ಟೆಸ್ಟರಕ್ಕ ಈ ದರಗಳನ್ನು ಅದಲುಬದಲು ಮಾಡಬೇಕೆಂದು, ಅಂದರೆ ಮುಟ್ಟುವವರಿಗೆ ಎರಡು ಸಾವಿರವನ್ನೂ ಸಹಿ ಹಾಕುವವರಿಗೆ ಎಂಟುನೂರನ್ನೂ ಕೊಡಿಸಬೇಕೆಂದು ಕೋರಿ ಕಚೇರಿಗೆ ಒಂದು ಅರ್ಜಿ ಬರೆದಿದ್ದಳು. ಸಹಿಮಾವ ಮನೆಯಲ್ಲಿ ಎರಡು ದಿನ ಮಾತು ಬಿಟ್ಟಿದ್ದರು. ಕಚೇರಿ ಮಾತು ಬಿಡಲಿಲ್ಲ. ಯಾವಾಗ ಕೇಳಿದರೂ "ಪರಿಶೀಲನೆಯಲ್ಲಿದೆ" ಎಂದು ಹೇಳುತ್ತಲೇ ಬಂತು.

ಹೀಗಿರುವಾಗ ಒಂದು ತಿಂಗಳ ಮೊದಲನೆಯ ತಾರೀಕು ಬೆಳಿಗ್ಗೆ ಸಹಿಮಾವ, ಬೇರೆಯವರು ಮಾಡಿದ ತಪ್ಪೊಂದನ್ನು ತಿಳಿಸುವವರ ಹಾಗೆ ಹೇಳಿದರು: "ಈ ಮೂವತ್ತಕ್ಕೆ ನನಗೆ ಎಪ್ಪತ್ತು ತುಂಬುತ್ತೆ."

"ಒಳ್ಳೇದಾಯ್ತಲ್ಲ ಮಾವ."

"ಏನು ಒಳ್ಳೇದಾಯ್ತು? ಎಪ್ಪತ್ತಾದ್ಮೇಲೆ ಪರವಾನಗಿ ರದ್ದು. ಕೈ ನಡುಗುತ್ತಂತೆ, ಸಹಿ ಸೊಟ್ಟ ಆಗುತ್ತಂತೆ. ಆಮೇಲೆ ನನ್ನ ಸಹಿ ಇಲ್ದೆ ನೀನು ಒಂದು ಬಲ್ಬ್ ಹೋಲ್ಡರ್ ಕೂಡ ಹಾಕೋ ಹಾಗಿಲ್ಲ, ತಿಳ್ಕೋ."

"ಇಷ್ಟು ವರ್ಷ ಹಾಕಿದ್ದು ನಾನೇ ಅಲ್ವಾ?"

"ಹಾಕೋದು ಬೇರೆ ಕಣೇ, ಹಾಕ್ಬಹುದು ಅನ್ನೋದು ಬೇರೆ."

ಅಡುಗೆಮನೆಯಿಂದ ಟೆಸ್ಟರಕ್ಕನ ತಾಯಿ ಇಣುಕಿದರು. "ಅಣ್ಣ, ನಲವತ್ತೈದು ವರ್ಷದಲ್ಲಿ ನೀನು ಮುಟ್ಟಿರೋ ತಂತಿ ಒಂದೇ, ಬಟ್ಟೆ ಒಣಗಿಹಾಕೋದು. ಅದನ್ನೂ ಕೋಲಲ್ಲೇ ಮುಟ್ತೀಯ."

"ಅನುಭವ ಇರೋನು ಹಾಗೇ ಮುಟ್ಟೋದು," ಎಂದರು ಸಹಿಮಾವ.

ವಿಷಯ ತಮಾಷೆಯದಾಗಿರಲಿಲ್ಲ. ಊರಂಚಿನಲ್ಲಿ ಇಪ್ಪತ್ತನಾಲ್ಕು ಮನೆಗಳ ಹೊಸ ಕಟ್ಟಡವೊಂದು ಏಳುತ್ತಿತ್ತು. ಅದರ ಗುತ್ತಿಗೆದಾರ ಟೆಸ್ಟರಕ್ಕನ ಕೆಲಸ ಬಲ್ಲವನು. "ಮುಂದಿನ ತಿಂಗಳು ಒಂದನೇ ತಾರೀಕು ಪರವಾನಗಿ ತೋರ್ಸಕ್ಕ, ಇಪ್ಪತ್ನಾಲ್ಕೂ ನಿಂದೇ. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ," ಎಂದಿದ್ದ. ಒಟ್ಟಿನಲ್ಲಿ, ಮೂವತ್ತನೆಯ ತಾರೀಕಿನೊಳಗೆ ಅವಳ ಹೆಸರಿನಲ್ಲೇ ಪರವಾನಗಿ ಬರಬೇಕು. ಬರದಿದ್ದರೆ ಹತ್ತೊಂಬತ್ತು ವರ್ಷದ ಕಸುಬು ಒಂದನೆಯ ತಾರೀಕಿಗೆ ಅಪರಾಧವಾಗುತ್ತದೆ. ಬಂದರೆ ಮಾತ್ರ, ಮಂಚದ ಕೆಳಗೆ ಹಳೆಯ ಸೀರೆಯಲ್ಲಿ ಸುತ್ತಿಟ್ಟಿದ್ದ ತಗಡಿನ ಬೋರ್ಡು ಹೊರಗೆ ಬರುತ್ತದೆ. ಅದರ ಮೇಲೆ ಅವಳ ಹೆಸರು, ಕೆಳಗೆ "ಪರವಾನಗಿ ಪಡೆದ ಎಲೆಕ್ಟ್ರಿಷಿಯನ್" ಎಂದು ಎಂಟು ವರ್ಷಗಳ ಹಿಂದೆಯೇ ಬರೆಸಿಟ್ಟಿದ್ದಳು. ಸಂಖ್ಯೆಗೆ ಜಾಗ ಖಾಲಿ ಬಿಟ್ಟಿದ್ದಳು.

ಅವಳು ಅಂದೇ ಅರ್ಜಿ ಹಾಕಿದಳು. ನಾಲ್ಕನೆಯ ತಾರೀಕಿಗೆ ಪರೀಕ್ಷೆ ನಿಗದಿಯಾಯಿತು.

ಇಲ್ಲಿ ಒಂದು ವಿಷಯವನ್ನು ದಾಖಲಿಸಬೇಕು. ಪರವಾನಗಿ ನಿಯಮಗಳನ್ನು ಅದೇ ವರ್ಷ ಶುದ್ಧ ಭಾಷೆಗೆ ತರಲಾಗಿತ್ತು. ಅದಕ್ಕಾಗಿ ರಚಿಸಿದ ಸಮಿತಿಯಲ್ಲಿ ಒಬ್ಬ ವ್ಯಾಕರಣ ಪಂಡಿತರು, ಒಬ್ಬ ವಕೀಲರು ಮತ್ತು ಪುಸ್ತಕ ಅಚ್ಚು ಹಾಕುವವರೊಬ್ಬರು ಇದ್ದರು. ತಂತಿಯ ಬಗ್ಗೆ ತಿಳಿದವರಿದ್ದರೆ ನಿಷ್ಪಕ್ಷಪಾತಕ್ಕೆ ಭಂಗವೆಂದು ಅಂಥವರನ್ನು ದೂರವಿಡಲಾಗಿತ್ತು. ಕೆಲಸಗಾರರು ಲೈವ್ ಎನ್ನುತ್ತಿದ್ದ ತಂತಿ ಹೀಗೆ ಜೀವಂತ ತಂತಿಯಾಯಿತು. ಡೆಡ್ ಎನ್ನುತ್ತಿದ್ದದ್ದು ಮೃತ ತಂತಿಯಾಯಿತು. ಮೇನ್ ಸ್ವಿಚ್ ಆಫ್ ಮಾಡಿ, "ಕೆಲಸ ನಡೀತಿದೆ, ಯಾರೂ ಹಾಕಬೇಡಿ" ಎಂದು ಬರೆದು ಅದಕ್ಕೆ ನೇತುಹಾಕುವ ಚೀಟಿಯನ್ನು ಎಲ್ಲರೂ ಡೆಡ್ ಚೀಟಿ ಎನ್ನುತ್ತಿದ್ದರು. ಸಮಿತಿಗೆ ಚೀಟಿ ಎಂಬ ಪದದಲ್ಲಿ ಗಾಂಭೀರ್ಯ ಕಾಣಲಿಲ್ಲ. ಹದಿನಾಲ್ಕನೆಯ ನಿಯಮ ಹೀಗೆ ರೂಪುಗೊಂಡಿತು:

"ಅಭ್ಯರ್ಥಿಯು ಜೀವಂತ ತಂತಿಯನ್ನು ಮುಟ್ಟತಕ್ಕದ್ದಲ್ಲ. ಮೃತ ತಂತಿಯ ಮೇಲೆ ಮಾತ್ರ ಕೆಲಸ ಮಾಡತಕ್ಕದ್ದು. ಕೆಲಸಕ್ಕೆ ಮುನ್ನ ಸದರಿ ತಂತಿಯ ಮರಣ ಪ್ರಮಾಣಪತ್ರವನ್ನು ಹಾಜರುಪಡಿಸತಕ್ಕದ್ದು."

ಪರೀಕ್ಷೆ ಕಚೇರಿಯ ಹಿಂದಿನ ಕೋಣೆಯಲ್ಲಿ. ಗೋಡೆಗೆ ಒಂದು ಮರದ ಹಲಗೆ, ಅದರ ಮೇಲೆ ಸ್ವಿಚ್ಚು, ಸಾಕೆಟ್ಟು, ಬಲ್ಬ್ ಹೋಲ್ಡರು. ಕಚೇರಿಯ ಮೇನ್ ಸ್ವಿಚ್ಚಿನಿಂದಲೇ ಬಂದ ತಂತಿಯೊಂದು ಹಲಗೆಯ ಪಕ್ಕ ಸುಮ್ಮನೆ ನೇತಾಡುತ್ತಿತ್ತು. ಅದನ್ನು ಸರಿಯಾಗಿ ಜೋಡಿಸಿ ಬಲ್ಬು ಉರಿಸಿದರೆ ಪಾಸು. ಟೆಸ್ಟರಕ್ಕ ಮೇನ್ ಸ್ವಿಚ್ ಇಳಿಸಿದಳು. ಕಚೇರಿಯ ಫ್ಯಾನುಗಳೆಲ್ಲ ನಿಂತವು. ಚೀಟಿ ಬರೆದು ನೇತುಹಾಕಿದಳು, ತುರುಬಿನಿಂದ ಟೆಸ್ಟರ್ ತೆಗೆದು ತಂತಿಗೆ ಇಟ್ಟು ನೋಡಿದಳು, ಇಕ್ಕಳ ಕೈಗೆತ್ತಿಕೊಂಡಳು.

"ತಡಿಯಮ್ಮ," ಎಂದರು ಪರವಾನಗಿ ಅಧಿಕಾರಿ. ಅವರ ಮಡಿಲಲ್ಲಿ ಹೊಸ ನಿಯಮಗಳ ಪುಸ್ತಕ ತೆರೆದಿತ್ತು. "ಇದು ಚೀಟಿ. ಪ್ರಮಾಣಪತ್ರ ಎಲ್ಲಿ?"

"ಇದೇ ಸಾರ್ ಅದು."

"ಈ ತಂತಿ ಸತ್ತಿದೆ ಅಂತ ಯಾರು ಹೇಳಿದ್ದು ನಿನಗೆ?"

"ಟೆಸ್ಟರ್ ಹೇಳ್ತಿದೆ ಸಾರ್."

"ಟೆಸ್ಟರಿಗೆ ಅಧಿಕಾರ ಕೊಟ್ಟವರು ಯಾರು?"

ಟೆಸ್ಟರಕ್ಕ ಬರಿಗೈಯಲ್ಲಿ ತಂತಿ ಹಿಡಿದು ತೋರಿಸಿದಳು. "ನೋಡಿ ಸಾರ್, ಹಿಡ್ಕೊಂಡಿದ್ದೀನಿ. ಇದಕ್ಕೆ ಜೀವ ಇದ್ದಿದ್ರೆ ನಾನು ಇರ್ತಾ ಇರ್ಲಿಲ್ಲ."

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಅವಳನ್ನು ಒಂದು ಗಳಿಗೆ ಪರಿಶೀಲಿಸಿದರು. "ಅದರಿಂದ ನೀನು ಬದುಕಿದ್ದೀಯ ಅಂತ ಸಾಬೀತಾಯ್ತು ಅಷ್ಟೆ. ತಂತಿ ಸತ್ತಿದೆ ಅಂತ ಹೇಗಾಗುತ್ತೆ? ಎದುರುಗಡೆ ಜನನ ಮರಣ ಕೌಂಟರ್ ಇದೆ. ಮರಣ ಪ್ರಮಾಣಪತ್ರ ಕೊಡೋ ಅಧಿಕಾರ ಊರಲ್ಲಿ ಅವರೊಬ್ಬರಿಗೇ ಇರೋದು. ಮಾಡಿಸ್ಕೊಂಡು ಬಾ."

"ಅಲ್ಲೀವರೆಗೆ ಸಾರ್?"

"ಅಲ್ಲೀವರೆಗೆ ಮೃತರನ್ನ ಕದಲಿಸೋ ಹಾಗಿಲ್ಲ."

ಮೇನ್ ಸ್ವಿಚ್ಚಿಗೆ ಅರಗಿನ ಮುದ್ರೆ ಒತ್ತಲಾಯಿತು. ಅರಗು ಕರಗಿಸಲು ಮೇಣದಬತ್ತಿ ಹಚ್ಚಲಾಯಿತು. ಕೆಲಸ ಮುಗಿದ ಮೇಲೂ ಮೇಣದಬತ್ತಿಯನ್ನು ಯಾರೂ ಆರಿಸಲಿಲ್ಲ, ಕಾರಣ ಕೋಣೆಯಲ್ಲಿ ಬೇರೆ ಬೆಳಕಿರಲಿಲ್ಲ.

ಎದುರಿನ ಕಟ್ಟಡದಲ್ಲಿ ಜನನಕ್ಕೊಂದು ಕಿಟಕಿ, ಮರಣಕ್ಕೊಂದು ಕಿಟಕಿ. ಎರಡಕ್ಕೂ ಗುಮಾಸ್ತ ಒಬ್ಬನೇ. ಚಕ್ರದ ಕುರ್ಚಿಯಲ್ಲಿ ಕುಳಿತು, ಗೋಡೆಗೆ ಕಾಲು ಒದ್ದು, ಅತ್ತಿಂದಿತ್ತ ಜಾರುತ್ತಾ ಎರಡನ್ನೂ ನಿಭಾಯಿಸುತ್ತಿದ್ದ. ಟೆಸ್ಟರಕ್ಕ ಮರಣದ ಕಿಟಕಿಯ ಮುಂದೆ ನಿಂತಾಗ ಅವನು ಜನನದ ಕಡೆಯಿಂದ ಜಾರಿಬಂದು, ಮುಖದ ಮೇಲಿನ ನಗುವನ್ನು ತೆಗೆದಿಟ್ಟ.

"ಯಾರಮ್ಮ ಹೋಗಿದ್ದು?"

"ತಂತಿ ಸಾರ್."

"ಪೂರ್ತಿ ಹೆಸರು?"

"ಎರಡೂವರೆ ಎಂ.ಎಂ. ತಾಮ್ರದ ತಂತಿ."

"ಮನೆತನದ ಹೆಸರು ಮೊದಲು ಬರಬೇಕು," ಎಂದು ಅವನು ತಾಮ್ರದ ಎಂದು ಬರೆದುಕೊಂಡ. "ತಂದೆ?"

ಅವಳು ಸುತ್ತ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. "ಮೇನ್ ಸ್ವಿಚ್ ಅಂತ ಹಾಕಿ. ಅಲ್ಲಿಂದಾನೇ ಬಂದಿರೋದು."

"ತಾಯಿ?"

"ಬೀದಿ ಕಂಬ."

"ಇಬ್ಬರೂ ಇದ್ದಾರಾ?"

"ಕಂಬ ಇದೆ ಸಾರ್. ಮೇನ್ ಸ್ವಿಚ್ಚಿಗೆ ಸೀಲ್ ಹಾಕಿದ್ದಾರೆ."

"ಪಾಪ. ವಯಸ್ಸು?"

"ಎಳೆದು ಒಂದು ಹದಿನೈದು ವರ್ಷ ಆಗಿರ್ಬೇಕು."

"ಚಿಕ್ಕ ವಯಸ್ಸು. ಹೇಗಾಯ್ತು?"

"ನಾನೇ ಆಫ್ ಮಾಡಿದೆ."

ಗುಮಾಸ್ತನ ಪೆನ್ನು ನಿಂತಿತು. ಅವನು ಕಿಟಕಿಯಿಂದ ತಲೆ ಹೊರಹಾಕಿ ಎರಡೂ ಕಡೆ ನೋಡಿ, ದನಿ ತಗ್ಗಿಸಿದ. "ನೋಡಮ್ಮ, 'ಮಾಡಿದೆ' ಅಂತ ಬರೆದ್ರೆ ಇದು ನನ್ನ ಕಿಟಕಿಗೆ ಬರೋ ಕೇಸಲ್ಲ, ಪೊಲೀಸ್ ಠಾಣೆಗೆ ಹೋಗುತ್ತೆ. ನಿಮ್ಮ ಮನೇಲಿ ಇದ್ದಕ್ಕಿದ್ದ ಹಾಗೆ ದೀಪ ಆರಿಹೋದ್ರೆ ಏನಂತೀರಿ?"

"ಕರೆಂಟ್ ಹೋಯ್ತು ಅಂತೀವಿ."

"ಹಾಂ, ಹಾಗನ್ನಿ. ಹೋಯ್ತು. ತಾನಾಗೇ ಹೋಯ್ತು. ಎಲ್ಲರೂ ಹೋಗೋದು ಹಾಗೇನೇ."

ನಮ್ಮ ಭಾಷೆಯಲ್ಲಿ ಮನುಷ್ಯರು ಹೋಗುವುದೂ ಕರೆಂಟು ಹೋಗುವುದೂ ಒಂದೇ ಕ್ರಿಯಾಪದದ ಮೂಲಕ ಎಂಬ ಅಂಶವು ಹೀಗೆ ಮೊದಲ ಬಾರಿಗೆ ಆಡಳಿತದ ಉಪಯೋಗಕ್ಕೆ ಬಂತು.

"ಮೃತರಿಗೂ ನಿಮಗೂ ಏನು ಸಂಬಂಧ?"

"ಸಂಬಂಧ ಇನ್ನೂ ಆಗಿರ್ಲಿಲ್ಲ ಸಾರ್. ಕೂಡಿಸೋಣ ಅಂತ ಇಕ್ಕಳ ತಗೊಂಡೆ, ಅಷ್ಟರಲ್ಲಿ ಸಾಹೇಬರು ಬೇಡ ಅಂದ್ರು."

"ಅಯ್ಯೋ, ಕೂಡಿಬರೋ ಹೊತ್ತಿಗೆ," ಎಂದು ಗುಮಾಸ್ತ ನಿಜವಾಗಿಯೂ ನೊಂದುಕೊಂಡು, ಕೊನೆಯ ಖಾನೆಯಲ್ಲಿ ವಾರಸುದಾರಳು ಎಂದು ಬರೆದ. "ಆಕ್ಷೇಪಣೆಗೆ ಇಪ್ಪತ್ತೊಂದು ದಿನ ಬಿಡಬೇಕು. ಇಪ್ಪತ್ತೈದಕ್ಕೆ ಬನ್ನಿ."

ಮರುದಿನ ಎರಡೂ ಕಟ್ಟಡಗಳ ಗೋಡೆಗಳ ಮೇಲೆ ಪ್ರಕಟಣೆ ಕಾಣಿಸಿಕೊಂಡಿತು: "ಮೇನ್ ಸ್ವಿಚ್ಚರವರ ಪುತ್ರ, ಸುಮಾರು ಹದಿನೈದು ವರ್ಷ ವಯಸ್ಸಿನ ತಾಮ್ರದ ತಂತಿಯು ದಿನಾಂಕ ನಾಲ್ಕರಂದು ಬೆಳಿಗ್ಗೆ ತಾನಾಗಿಯೇ ಹೋಗಿರುತ್ತದೆ. ಸದರಿ ಮರಣದ ಬಗ್ಗೆ ತಕರಾರುಳ್ಳ ಬಂಧುಗಳು, ಸಾಲಗಾರರು ಅಥವಾ ಇತರೆ ತಂತಿಗಳು ಇಪ್ಪತ್ತೊಂದು ದಿನದೊಳಗೆ ಲಿಖಿತವಾಗಿ ತಿಳಿಸತಕ್ಕದ್ದು. ತಪ್ಪಿದಲ್ಲಿ ಮೃತರು ಮೃತರೇ ಎಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ಟೆಸ್ಟರಕ್ಕ ಮನೆಗೆ ಹೋಗಿ ಕ್ಯಾಲೆಂಡರಿನಲ್ಲಿ ಇಪ್ಪತ್ತೈದಕ್ಕೂ ಮೂವತ್ತಕ್ಕೂ ಗೆರೆ ಹಾಕಿದಳು. ನಡುವೆ ನಾಲ್ಕು ಚೌಕಗಳು ಉಳಿದವು. ಅವುಗಳನ್ನು ಬೆರಳಿನಿಂದ ಒಮ್ಮೆ ಎಣಿಸಿ, ಇನ್ನೊಮ್ಮೆ ಎಣಿಸಿದಳು.

ಇತ್ತ ವಿದ್ಯುತ್ ಪರವಾನಗಿ ಕಚೇರಿ ವಿದ್ಯುತ್ತಿಲ್ಲದೆ ನಡೆಯತೊಡಗಿತು. ಯಾರೂ ಗೊಣಗಲಿಲ್ಲ. ಸಿಬ್ಬಂದಿ ಕಡತಗಳಿಂದ ಗಾಳಿ ಬೀಸಿಕೊಂಡರು. ದಪ್ಪ ಕಡತಗಳಿಗೆ ಬೇಡಿಕೆ ಬಂತು. ವರ್ಷಗಟ್ಟಲೆ ಧೂಳು ಹಿಡಿದಿದ್ದ ಅರ್ಜಿಗಳು ಕಪಾಟಿನಿಂದ ಹೊರಬಂದವು, ಬೀಸುವಾಗ ಕೆಲವು ಹಾಳೆಗಳು ಕಣ್ಣಿಗೂ ಬಿದ್ದವು. ಅಧಿಕಾರಿ ಹೊಸಿಲ ಮೇಲೆ ಕುರ್ಚಿ ಹಾಕಿಸಿಕೊಂಡು, ಬಿಸಿಲು ಸರಿದಂತೆ ತಾವೂ ಸರಿಯುತ್ತಾ ಕಾಗದ ಓದಿದರು. ಇದರಿಂದ ಕಚೇರಿಯ ವೇಳೆ ಎಷ್ಟಕ್ಕೆ ಮುಗಿಯುತ್ತದೆಂಬುದು ಮೊದಲ ಸಲ ಜನರಿಗೆ ಸ್ಪಷ್ಟವಾಯಿತು.

ಒಂಬತ್ತನೆಯ ದಿನ ಸೆಕೆ ತಡೆಯಲಾರದೆ ಕಚೇರಿಯು ಪಕ್ಕದ ಟೈಲರ್ ಅಂಗಡಿಯಿಂದ ತಾತ್ಕಾಲಿಕವಾಗಿ ಒಂದು ಲೈನು ಎಳೆಸಿಕೊಳ್ಳಲು ತೀರ್ಮಾನಿಸಿತು. ಊರಿನಲ್ಲಿ ಈ ಕೆಲಸಕ್ಕೆ ಯಾರು ಒಳ್ಳೆಯವರು ಎಂದು ವಿಚಾರಿಸಲಾಗಿ, ಎಲ್ಲರೂ ಒಂದೇ ಹೆಸರು ಹೇಳಿದರು. ಟೆಸ್ಟರಕ್ಕ ಬಂದು, ಏಣಿ ಹತ್ತಿ, ಟೈಲರನ ಕಿಟಕಿಯಿಂದ ಲೈನು ಎಳೆದು, ಎರಡು ಬಲ್ಬು, ಒಂದು ಟೇಬಲ್ ಫ್ಯಾನು ಹಾಕಿಕೊಟ್ಟಳು. ಸಹಿಮಾವ ರಸ್ತೆಯ ಆಚೆ ಬದಿಯಲ್ಲಿ ನಿಂತು ಸಹಿ ಹಾಕಿದರು. ಕಚೇರಿಯು ದರಪಟ್ಟಿಯಂತೆ ಅವಳಿಗೆ ಎಂಟುನೂರು, ಅವರಿಗೆ ಎರಡು ಸಾವಿರ ಸ್ಥಳದಲ್ಲೇ ಪಾವತಿಸಿತು.

ಅವಳು ಏಣಿ ಮಡಿಸುತ್ತಾ ಕೇಳಿದಳು: "ಸಾರ್, ಈ ಕೆಲಸ ನೋಡಿದ್ರಲ್ಲ. ಇದನ್ನೇ ಪರೀಕ್ಷೆ ಅಂತ ಲೆಕ್ಕಕ್ಕೆ ಇಟ್ಕೊಂಡು ಪಾಸ್ ಮಾಡಬಹುದಲ್ವಾ?"

ಅಧಿಕಾರಿ ಫ್ಯಾನಿನ ಗಾಳಿಗೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕಣ್ಣು ಮುಚ್ಚಿ ಕುಳಿತಿದ್ದರು. "ಹೇಗೆ ಆಗುತ್ತಮ್ಮ? ನಿನಗೆ ಕೆಲಸ ಬರುತ್ತೆ ಅನ್ನೋದಕ್ಕೆ ನಮ್ಮ ಹತ್ರ ಏನು ಆಧಾರ ಇದೆ?"

ಇಪ್ಪತ್ತೈದಕ್ಕೆ ಪ್ರಮಾಣಪತ್ರ ಬಂತು. ತಂತಿಯ ಸಾವನ್ನು ಯಾವ ಬಂಧುವೂ ಪ್ರಶ್ನಿಸಿರಲಿಲ್ಲ. ಇಪ್ಪತ್ತಾರಕ್ಕೆ ಪರೀಕ್ಷೆ. ಟೆಸ್ಟರಕ್ಕ ಮರಣ ಪ್ರಮಾಣಪತ್ರವನ್ನು ಮೇಜಿನ ಮೇಲಿಟ್ಟು, ನಲವತ್ತು ನಿಮಿಷದಲ್ಲಿ ಜೋಡಣೆ ಮುಗಿಸಿದಳು. ಅರಗಿನ ಮುದ್ರೆ ಒಡೆಯಲಾಯಿತು. ಅವಳು ಮೇನ್ ಸ್ವಿಚ್ ಏರಿಸಿ, ಹಲಗೆಯ ಮೇಲಿನ ಸ್ವಿಚ್ಚು ಒತ್ತಿದಳು. ಬಲ್ಬು ಉರಿಯಿತು. ಎಲ್ಲ ಕೋಣೆಗಳಲ್ಲಿ ಫ್ಯಾನುಗಳು ಏಳಲಾರದೆ ಎದ್ದು ತಿರುಗತೊಡಗಿದವು.

"ಬಂತು!" ಎಂದು ಇಡೀ ಕಚೇರಿ ಕೂಗಿತು.

ಅಧಿಕಾರಿ ಮಾತ್ರ ಕೂಗಲಿಲ್ಲ. ಅವರು ಬಲ್ಬನ್ನೂ ಪ್ರಮಾಣಪತ್ರವನ್ನೂ ಒಂದಾದ ಮೇಲೊಂದು ನೋಡುತ್ತಿದ್ದರು.

"ಇದೇನಮ್ಮ ಇದು?"

"ಉರೀತಾ ಇದೆ ಸಾರ್."

"ಅದು ನನಗೂ ಕಾಣುತ್ತೆ. ಸತ್ತಿರೋ ತಂತಿ ಹೇಗೆ ಉರಿಸುತ್ತೆ? ಒಂದು, ಈ ಪ್ರಮಾಣಪತ್ರ ಸುಳ್ಳು. ಸುಳ್ಳು ದಾಖಲೆ ಕೊಟ್ರೆ ಐದು ವರ್ಷ ಪರೀಕ್ಷೆಗೆ ಕೂರೋ ಹಾಗಿಲ್ಲ. ಇಲ್ಲಾ, ಬಲ್ಬು ಉರೀತಿಲ್ಲ. ಉರೀದಿದ್ರೆ ನೀನು ಫೇಲು. ಎರಡರಲ್ಲಿ ಯಾವುದು ಬೇಕೋ ನೀನೇ ಹೇಳು, ನಾನು ಯಾರ ಮೇಲೂ ಒತ್ತಡ ಹಾಕೋನಲ್ಲ."

ಹತ್ತೊಂಬತ್ತು ವರ್ಷಗಳಲ್ಲಿ ಎಂಥೆಂಥ ಶಾಕ್ ಹೊಡೆದಾಗಲೂ ಕೂರದವಳು ಟೆಸ್ಟರಕ್ಕ. ಈಗ ಸ್ಟೂಲಿನ ಮೇಲೆ ಕುಳಿತಳು. ಬಲ್ಬು ಉರಿಯುತ್ತಲೇ ಇತ್ತು. ಹೊರಗೆ ಇಪ್ಪತ್ತಾರನೆಯ ತಾರೀಕು ಮಧ್ಯಾಹ್ನಕ್ಕೆ ತಿರುಗುತ್ತಿತ್ತು. ಅವಳು ಎದುರಿನ ಕಟ್ಟಡದ ಗುಮಾಸ್ತನನ್ನು ನೆನೆದು, ನಿಧಾನವಾಗಿ ಕೇಳಿದಳು.

"ಸಾರ್, ಈಗ ಎಲ್ಲರೂ ಏನಂತ ಕೂಗಿದ್ರು?"

"ಬಂತು ಅಂದ್ರು."

"ಎದ್ದು ಕೂತ್ಕೊಳ್ತು ಅಂದ್ರಾ?"

"ಇಲ್ಲ. ಬಂತು ಅಂದ್ರು."

"ಹಾಗಾದ್ರೆ ಸತ್ತಿದ್ದು ಎದ್ದಿಲ್ಲ ಸಾರ್. ಹಳೇದು ಹೋಯ್ತು. ಇದು ಹೊಸದು ಬಂತು."

ಅಧಿಕಾರಿಯ ಮುಖದ ಮೇಲೆ ಮೆಲ್ಲನೆ ಗೌರವ ಮೂಡಿತು. ಕಚೇರಿಯ ದೃಷ್ಟಿಯಲ್ಲಿ ಅವಳು ಪರೀಕ್ಷೆ ಪಾಸಾದದ್ದು ಆ ಗಳಿಗೆಯಲ್ಲಿ ಎನ್ನಬಹುದು. "ಜನನ ಪ್ರಮಾಣಪತ್ರ ತಗೊಂಡು ಬಾ," ಎಂದರು.

ಗುಮಾಸ್ತ ಈ ಬಾರಿ ಗೋಡೆಗೆ ಒದ್ದು ಜನನದ ಕಿಟಕಿಗೆ ಜಾರಿ, ತೆಗೆದಿಟ್ಟಿದ್ದ ನಗುವನ್ನು ಮತ್ತೆ ಹಾಕಿಕೊಂಡ. "ಯಾವಾಗ ಬಂತು?"

"ಹನ್ನೊಂದೂ ಹತ್ತಕ್ಕೆ."

"ಏನೂ ತೊಂದರೆ ಆಗ್ಲಿಲ್ಲ ತಾನೆ?"

"ಇಪ್ಪತ್ತೆರಡು ದಿನ ತಡ ಆಯ್ತು ಅಷ್ಟೆ."

"ಆರೋಗ್ಯವಾಗಿದೆಯಾ?"

"ಉರೀತಾ ಇದೆ."

"ತಾಯಿ ಕಂಬದ ಹಾಗೇ ಅನ್ನಿ," ಎಂದು ಅವನು ಸಂತೋಷದಿಂದ ಮುದ್ರೆ ಒತ್ತಿದ. ಜನನದಲ್ಲಿ ಆಕ್ಷೇಪಣೆಗೆ ಅವಕಾಶವಿಲ್ಲವಾದ್ದರಿಂದ ಕಾಗದ ಎರಡೇ ದಿನಕ್ಕೆ ಸಿಕ್ಕಿತು.

ಇಪ್ಪತ್ತೆಂಟಕ್ಕೆ ಅದನ್ನು ಒಯ್ದಾಗ ಅಧಿಕಾರಿಗೆ ಸಣ್ಣದೊಂದು ಅನುಮಾನ ಉಳಿದಿತ್ತು. ಎರಡು ದಿನದ ಕೂಸಿನಿಂದ ಬಲ್ಬು ಉರಿಸುವುದು ಬಾಲಕಾರ್ಮಿಕ ಪದ್ಧತಿಯಾಗುವುದಿಲ್ಲವೆ? ಈ ಪ್ರಶ್ನೆಯನ್ನು ಇಪ್ಪತ್ತೊಂಬತ್ತರಂದು ಇಡೀ ದಿನ ಚರ್ಚಿಸಿ, ಬಲ್ಬು ಕೇವಲ ಐದು ವ್ಯಾಟಿನದಾಗಿರುವುದರಿಂದ ಅದನ್ನು ದುಡಿಮೆ ಎನ್ನದೆ ಆಟವೆಂದು ಪರಿಗಣಿಸಬಹುದೆಂದು ಟಿಪ್ಪಣಿ ಬರೆಯಲಾಯಿತು.

ಮೂವತ್ತನೆಯ ತಾರೀಕು ಮಧ್ಯಾಹ್ನ ಮೂರಕ್ಕೆ ಟೆಸ್ಟರಕ್ಕನ ಕೈಗೆ ಪರವಾನಗಿ ಬಂತು. ದಪ್ಪ ಕಾಗದ, ಹಸಿರು ಅಂಚು, ಅವಳ ಹೆಸರು. ಅವಳು ಅದನ್ನು ಮುಟ್ಟುವ ಮೊದಲು ಕೈ ಸೆರಗಿಗೆ ಒರೆಸಿಕೊಂಡಳು.

"ಕೂತ್ಕೊಳ್ಳಿ," ಎಂದರು ಅಧಿಕಾರಿ. ಪರವಾನಗಿಯ ಜೊತೆಗೆ ಬಹುವಚನ ಉಚಿತವಾಗಿ ದೊರೆಯುತ್ತದೆ. "ಹಿಂಭಾಗ ಒಂದು ಸಲ ಓದ್ಕೊಂಡುಬಿಡಿ."

ಹಿಂಭಾಗದಲ್ಲಿ ಹೀಗಿತ್ತು: "ಪರವಾನಗಿದಾರರು ಕಚೇರಿಯ ಅಮೂಲ್ಯ ಆಸ್ತಿಯಾಗಿದ್ದು, ಅವರ ಜೀವಕ್ಕೆ ಅಪಾಯ ತರುವ ಯಾವ ಕೆಲಸವನ್ನೂ ಖುದ್ದಾಗಿ ಮಾಡತಕ್ಕದ್ದಲ್ಲ. ತಂತಿಯನ್ನು ಪರವಾನಗಿ ಇಲ್ಲದವರಿಂದಲೇ ಮುಟ್ಟಿಸತಕ್ಕದ್ದು. ಪರವಾನಗಿದಾರರು ಸಹಿ ಮಾತ್ರ ಹಾಕತಕ್ಕದ್ದು."

"ಸಾರ್, ನಾನು ಪರವಾನಗಿ ತಗೊಂಡಿದ್ದೇ ಮುಟ್ಟೋದಕ್ಕೆ."

"ಈಗ ನಿಮ್ಮ ಜೀವಕ್ಕೆ ಬೆಲೆ ಇದೆ. ನಿಮ್ಮ ಮಾವನವರನ್ನೇ ನೋಡಿ, ನಲವತ್ತೈದು ವರ್ಷ ಈ ನಿಯಮ ತಪ್ಪದೆ ಪಾಲಿಸಿದ್ದಾರೆ. ಅಂಥವರು ಊರಲ್ಲಿ ಇನ್ನೊಬ್ಬರಿಲ್ಲ."

ಅವಳು ಲೆಕ್ಕ ಹಾಕಿದಳು. ಸಹಿಗೆ ಎರಡು ಸಾವಿರ. ಇಪ್ಪತ್ತನಾಲ್ಕು ಮನೆ. ಹೇಗೋ ನಿಭಾಯಿಸಬಹುದು.

"ಇನ್ನೊಂದು ಸಂತೋಷದ ವಿಷಯ," ಎಂದು ಅಧಿಕಾರಿ ಒಂದು ಕಡತ ಮುಂದಕ್ಕೆ ತಳ್ಳಿದರು. "ಕರೆಂಟ್ ಇಲ್ಲದಾಗ ಗಾಳಿ ಹಾಕ್ಕೊಳ್ತಾ ಇದ್ನಲ್ಲ, ಆಗ ಕಣ್ಣಿಗೆ ಬಿತ್ತು. ಆರು ವರ್ಷದ ಹಿಂದೆ ನೀವು ಬರೆದ ಅರ್ಜಿ. ಎಷ್ಟು ನ್ಯಾಯವಾದ ಬೇಡಿಕೆ! ಓದಿ ಮನಸ್ಸು ತಡೀಲಿಲ್ಲ. ಮಂಜೂರು ಮಾಡಿದ್ದೀವಿ."

ಹೊಸ ದರಪಟ್ಟಿ ಬಾಗಿಲ ಎಡಕ್ಕೆ ಆಗಲೇ ಅಂಟಿತ್ತು. ನಾಳೆಯಿಂದ ಜಾರಿಗೆ ಬರುವಂತೆ, ತಂತಿ ಮುಟ್ಟುವವರಿಗೆ ಎರಡು ಸಾವಿರ. ಸಹಿ ಹಾಕುವವರಿಗೆ ಎಂಟುನೂರು. ಸಿಬ್ಬಂದಿಯೆಲ್ಲ ಎದ್ದು ನಿಂತು ಅವಳಿಗಾಗಿ ಚಪ್ಪಾಳೆ ತಟ್ಟಿದರು.

"ಮತ್ತೆ ಬದಲಾಯಿಸಬೇಕು ಅನ್ನಿಸಿದ್ರೆ ಇನ್ನೊಂದು ಅರ್ಜಿ ಕೊಡಿ," ಎಂದರು ಅಧಿಕಾರಿ ಉದಾರವಾಗಿ.

"ಬೇಡ ಸಾರ್," ಎಂದಳು ಟೆಸ್ಟರಕ್ಕ. "ಬರೆದ್ರೆ ಆಗಿಬಿಡುತ್ತೆ."

ಮನೆಗೆ ಬಂದಾಗ ಸಹಿಮಾವ ಹೊಸ ಅಂಗಿ ತೊಟ್ಟು, ಎಪ್ಪತ್ತು ತುಂಬಿದ ಮುಖ ಹೊತ್ತು, ಅವಳಿಗಾಗಿಯೇ ಕಾಯುತ್ತಿದ್ದರು. ಹೊಸ ದರಪಟ್ಟಿಯ ಸುದ್ದಿ ಅವರಿಗೆ ಮುಟ್ಟಿತ್ತು. ಅವರು ಮುಟ್ಟಿಸಿಕೊಳ್ಳುತ್ತಿದ್ದುದು ಸುದ್ದಿಯನ್ನು ಮಾತ್ರ.

"ನಿನಗೆ ಈಗ ಪರವಾನಗಿ ಇಲ್ಲದವರೊಬ್ಬರು ಬೇಕಲ್ಲ?"

"ನೀವು ತಂತಿ ಮುಟ್ತೀರಾ ಮಾವ?"

"ಥೂ, ಬಿಡ್ತು ಅನ್ನು. ಮುಟ್ಟೋದು ನೀನೇ. ಮುಟ್ಟಿದವರು ಅನ್ನೋ ಜಾಗದಲ್ಲಿ ಹೆಸರು ನಂದು. ದುಡ್ಡು ದರಪಟ್ಟಿ ಪ್ರಕಾರ."

ಅಡುಗೆಮನೆಯಿಂದ ತಾಯಿ ಸೌಟಿನೊಂದಿಗೆ ಹೊರಬಂದರು. "ಇವನಿಗೆ ಪರವಾನಗಿ ಇದ್ರೂ ಎರಡು ಸಾವಿರ, ಹೋದ್ರೂ ಎರಡು ಸಾವಿರ! ಯಾಕೇ, ನನ್ನ ಹೆಸರು ಹಾಕು. ಪರವಾನಗಿ ನನಗೂ ಇಲ್ಲ. ಹುಟ್ಟಿದಾಗಿಂದ ಇಲ್ಲ."

"ಇಲ್ಲ ಅನ್ನೋದಕ್ಕೆ ನಿನ್ನ ಹತ್ರ ಪ್ರಮಾಣಪತ್ರ ಇದೆಯಾ?" ಎಂದರು ಸಹಿಮಾವ ಶಾಂತವಾಗಿ.

ತಾಯಿ ಸೌಟಿನೊಂದಿಗೆ ಒಳಗೆ ಹೋದರು.

ಸಹಿಮಾವ ಜೇಬಿನಿಂದ ಕಾಗದವೊಂದನ್ನು ತೆಗೆದು ಬಿಡಿಸಿದರು. ಅಂದು ಬೆಳಿಗ್ಗೆ ಕಚೇರಿಯ ಜವಾನ ಸೈಕಲ್ಲಿನಲ್ಲಿ ಮನೆಗೇ ತಂದುಕೊಟ್ಟಿದ್ದ ರದ್ದತಿ ಆದೇಶ. ಕಚೇರಿಯ ಇತಿಹಾಸದಲ್ಲಿ ಹೇಳಿದ ದಿನ ತಲುಪಿದ ಕಾಗದ ಅದೊಂದೇ. ಕೆಳಗೆ ದುಂಡು ಮುದ್ರೆ. "ಸದರಿಯವರಿಗೆ ವಿದ್ಯುತ್ ಪರವಾನಗಿ ಇರುವುದಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ."

"ಊರಲ್ಲಿ ಸಾವಿರಾರು ಜನಕ್ಕೆ ಪರವಾನಗಿ ಇಲ್ಲ," ಎಂದರು. "ಆದ್ರೆ ಇಲ್ಲ ಅಂತ ಬರೆದುಕೊಟ್ಟಿರೋದು ನನಗೊಬ್ಬನಿಗೇ."

ಟೆಸ್ಟರಕ್ಕ ಮಂಚದ ಕೆಳಗಿನಿಂದ ಬೋರ್ಡು ತೆಗೆದು, ಧೂಳು ಒರೆಸಿ, ಖಾಲಿ ಬಿಟ್ಟಿದ್ದ ಜಾಗದಲ್ಲಿ ಸಂಖ್ಯೆ ಬರೆದಳು. ಮೊಳೆ ಹೊಡೆಯುವಾಗ ಸಹಿಮಾವ ದೂರ ನಿಂತು ಕೋಲಿನ ತುದಿಯಿಂದ ಬೋರ್ಡನ್ನು ನೆಟ್ಟಗೆ ಹಿಡಿದುಕೊಂಡರು. ಅವರು ಮಾಡಿದ ಮೊದಲ ಕೂಲಿ ಕೆಲಸ ಅದು. ಅದಕ್ಕೆ ಅವರು ಏನೂ ಕೇಳಲಿಲ್ಲ.

ಇಪ್ಪತ್ತನಾಲ್ಕು ಮನೆಗಳ ಕೆಲಸ ಈಗ ಕ್ರಮಬದ್ಧವಾಗಿ ನಡೆಯುತ್ತಿದೆ. ತಂತಿಗಳ ಸಾಮೂಹಿಕ ಮರಣ ನೋಂದಣಿಯಾಗಿ, ಇಪ್ಪತ್ತೊಂದು ದಿನ ಕಳೆದು, ಸಾಮೂಹಿಕ ಜನನ ನಡೆಯುತ್ತದೆ. ಗುತ್ತಿಗೆದಾರನಿಗೂ ಅಭ್ಯಾಸವಾಗಿದೆ. ಮನೆ ಕೊಂಡವರನ್ನು ಅವನು "ನಿಮ್ಮದು ಇನ್ನೂ ಮರಣದಲ್ಲಿದೆ, ಹದಿನೆಂಟಕ್ಕೆ ಜನನ" ಎಂದು ಸಮಾಧಾನ ಪಡಿಸುತ್ತಾನೆ, ಅವರೂ ಸಮಾಧಾನಗೊಳ್ಳುತ್ತಾರೆ. ಜನನ ಮರಣ ಗುಮಾಸ್ತನಿಗೆ ಚಕ್ರಕ್ಕೆ ಹಾಕಲು ಎಣ್ಣೆ ಮಂಜೂರಾಗಿದೆ.

ಮೊನ್ನೆ ಎರಡನೆಯ ಮಹಡಿಯ ಮನೆಯೊಂದರ ಕೆಲಸ ಮುಗಿಯಿತು. ಟೆಸ್ಟರಕ್ಕ ತುರುಬಿನ ಟೆಸ್ಟರ್ ತೆಗೆದು ಕೊನೆಯ ಸಲ ನೋಡಿ, ಮೇನ್ ಸ್ವಿಚ್ ಏರಿಸಿದಳು. ಒಳಗೆ ಆ ಮನೆಯವರೆಲ್ಲ ಒಟ್ಟಿಗೆ "ಬಂತು!" ಎಂದು ಕೂಗಿದರು. ಅವಳು ರಿಜಿಸ್ಟರಿನಲ್ಲಿ ಮುಟ್ಟಿದವರ ಜಾಗದಲ್ಲಿ ಮಾವನ ಹೆಸರು ಬರೆದು, ಕೆಳಗೆ ತನ್ನ ಸಹಿ ಹಾಕಿ, ಗುತ್ತಿಗೆದಾರ ಕೊಟ್ಟ ಎರಡು ಸಾವಿರದ ಎಂಟುನೂರು ಎಣಿಸಿಕೊಂಡು ಕೆಳಗಿಳಿದಳು.

ಗೇಟಿನ ಆಚೆ, ಬೇವಿನ ಮರದ ನೆರಳಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ, ನೆಲಕ್ಕೆ ತಾಗದಂತೆ ಕಾಲೆತ್ತಿಕೊಂಡು ಸಹಿಮಾವ ಕುಳಿತಿದ್ದರು.

"ಬಂತಾ?" ಎಂದರು.

"ಬಂತು ಮಾವ," ಎಂದು ಅವಳು ಎರಡು ಸಾವಿರ ಮುಂದೆ ಹಿಡಿದಳು.

ಅವರು ಬೆಚ್ಚಿ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. "ಕೈಯಿಂದ ಕೊಡಬೇಡ ಕಣೇ, ಈಗ ತಾನೇ ಕರೆಂಟು ಮುಟ್ಟಿ ಬಂದಿದ್ದೀಯ," ಎಂದು ಊರುಗೋಲಿನ ರಬ್ಬರು ತುದಿಯನ್ನು ಅವಳ ಕಡೆ ಚಾಚಿದರು. ಅವಳು ನೋಟುಗಳನ್ನು ಸುರುಳಿ ಸುತ್ತಿ, ತನ್ನ ತುರುಬಿನ ರಬ್ಬರ್ ಬ್ಯಾಂಡು ತೆಗೆದು, ಅವು ಬೀಳದಂತೆ ಕೋಲಿಗೆ ಕಟ್ಟಿಕೊಟ್ಟಳು.